ಸರ್ ವಿಲ್ಫ್ರಿಡ್ ಲಾರಿಯೇ: ಎರಡು ಜನಾಂಗಗಳ ನಡುವೆ ನಿಂತ ಮುತ್ಸದ್ದಿ

ಒಂದು ದೇಶವು ರಾಷ್ಟ್ರವೆನಿಸಿಕೊಳ್ಳಬೇಕಾದರೆ ಅದಕ್ಕೆ ಒಂದೇ ಭಾಷೆ, ಒಂದೇ ಮತ, ಒಂದೇ ಕುಲ ಇರಬೇಕೆಂದು ಸಾಧಿಸುವ ಪಂಡಿತರು ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ಅನೇಕರಿದ್ದರು. ಅವರ ಸಿದ್ಧಾಂತವು ಸತ್ಯವಾಗಿದ್ದ ಪಕ್ಷದಲ್ಲಿ ಕೆನಡಾ ಎಂಬ ರಾಷ್ಟ್ರವು ಹುಟ್ಟುವುದೇ ಅಶಕ್ಯವಾಗಿದ್ದಿತು. ಅಲ್ಲಿ ಯುದ್ಧದಲ್ಲಿ ಗೆದ್ದವರದು ಇಂಗ್ಲಿಷ್ ಭಾಷೆ, ಸೋತವರದು ಫ್ರೆಂಚ್ ಭಾಷೆ. ಗೆದ್ದವರಲ್ಲಿ ಬಹುಮಂದಿ ಪ್ರಾಟೆಸ್ಟಂಟರು, ಸೋತವರು ಕ್ಯಾಥೊಲಿಕರು. ಮಗ್ಗುಲಲ್ಲಿಯೇ ಅಮೇರಿಕದ ಸಂಯುಕ್ತ ಸಂಸ್ಥಾನಗಳೆಂಬ ಮಹಾಶಕ್ತಿ. ಸಾಗರದಾಚೆ ಬ್ರಿಟಿಷ್ ಸಾಮ್ರಾಜ್ಯದ ಅಧಿಕಾರಪೀಠ. ಇಷ್ಟೆಲ್ಲ ಎಳೆತಗಳ ನಡುವೆಯೂ ಆ ದೇಶವು ಒಡೆಯದೆ ಉಳಿದು, ತನ್ನದೇ ಆದ ಒಂದು ವ್ಯಕ್ತಿತ್ವವನ್ನು ಪಡೆದುದು ಹೇಗೆಂಬುದನ್ನು ತಿಳಿಯಬೇಕಾದರೆ, ಸೋತವರ ಕುಲದಲ್ಲಿ ಹುಟ್ಟಿ, ಗೆದ್ದವರ ಭಾಷೆಯಲ್ಲಿ ಪಾರಂಗತರಾಗಿ, 15 ವರ್ಷಗಳ ಕಾಲ ಅವಿಚ್ಛಿನ್ನವಾಗಿ ಆ ದೇಶದ ಪ್ರಧಾನ ಮಂತ್ರಿಗಳಾಗಿದ್ದ ಸರ್ ವಿಲ್ಫ್ರಿಡ್ ಲಾರಿಯೇಯವರ ಚರಿತ್ರೆಯನ್ನು ನೋಡಬೇಕು.

ಮೊದಲು ಹಿನ್ನೆಲೆಯನ್ನು ಎರಡು ಮಾತುಗಳಲ್ಲಿ ಹೇಳುವುದು ಅವಶ್ಯ. 1759ರಲ್ಲಿ ಕ್ವಿಬೆಕ್ ನಗರದ ಹೊರಬಯಲಿನಲ್ಲಿ ನಡೆದ ಕಾಳಗದಲ್ಲಿ ಫ್ರೆಂಚರು ಸೋತರು. 1763ರ ಪ್ಯಾರಿಸ್ ಒಪ್ಪಂದದಿಂದ ಅವರ ವಸಾಹತು ಇಂಗ್ಲೆಂಡಿನ ಪಾಲಾಯಿತು. 1774ರ ಕ್ವಿಬೆಕ್ ಕಾಯಿದೆಯು ಫ್ರೆಂಚ್ ಪ್ರಜೆಗಳಿಗೆ ಅವರ ಮತವನ್ನೂ ಅವರ ಸಿವಿಲ್ ನ್ಯಾಯಪದ್ಧತಿಯನ್ನೂ ಉಳಿಸಿಕೊಟ್ಟಿತು. ಆದರೆ 1837-38ರ ದಂಗೆಗಳ ತರುವಾಯ ವಿಚಾರಣೆಗೆ ಬಂದ ಲಾರ್ಡ್ ಡರ್ಹಮರು, ಫ್ರೆಂಚ್ ಜನರನ್ನು ಇಂಗ್ಲಿಷರಲ್ಲಿ ಕರಗಿಸಿಬಿಡುವುದೇ ರೋಗಕ್ಕೆ ಔಷಧವೆಂದು ವರದಿ ಮಾಡಿದರು. ಅದರಂತೆ 1841ರಲ್ಲಿ ಮೇಲಿನ ಹಾಗೂ ಕೆಳಗಿನ ಕೆನಡಾಗಳನ್ನು ಒಂದುಗೂಡಿಸಿ, ಶಾಸನಸಭೆಯ ದಾಖಲೆಗಳಿಗೆ ಇಂಗ್ಲಿಷನ್ನೇ ಏಕಮಾತ್ರ ಭಾಷೆಯನ್ನಾಗಿ ಮಾಡಲಾಯಿತು. ಆದರೆ ಕರಗಿಸಲು ಹೊರಟವರ ಎಣಿಕೆಯು ತಲೆಕೆಳಗಾಯಿತು. ಲಾಫೊಂಟೇನ್ ಎಂಬ ಫ್ರೆಂಚ್ ಮುಂದಾಳೂ ಬಾಲ್ಡ್ವಿನ್ ಎಂಬ ಇಂಗ್ಲಿಷ್ ಮುಂದಾಳೂ ಕೈಕೂಡಿಸಿ 1848ರಲ್ಲಿ ಜವಾಬುದಾರಿ ಸರಕಾರವನ್ನು ಸಂಪಾದಿಸಿದರು. ಅದೇ ವರ್ಷ ಭಾಷಾನಿರ್ಬಂಧವೂ ತೊಲಗಿತು. 1867ರಲ್ಲಿ ಒಂಟೇರಿಯೊ, ಕ್ವಿಬೆಕ್, ನೋವಾ ಸ್ಕೋಶಿಯಾ, ನ್ಯೂ ಬ್ರನ್ಸ್‌ವಿಕ್ ಎಂಬ ನಾಲ್ಕು ಪ್ರಾಂತಗಳು ಕೂಡಿ ಕೆನಡಾ ಸಂಯುಕ್ತ ರಾಜ್ಯವಾಯಿತು.

ಫ್ರೆಂಚರನ್ನು ಕರಗಿಸುವ ಈ ಪ್ರಯೋಗವು ಪ್ರಾರಂಭವಾದ ವರ್ಷದಲ್ಲಿಯೇ, ಎಂದರೆ 1841ನೆಯ ನವೆಂಬರ್ 20ರಂದು, ಮಾಂಟ್ರಿಯಲ್ಲಿಗೆ ಉತ್ತರದಲ್ಲಿರುವ ಸೇಂಟ್ ಲೆ ಎಂಬ ಗ್ರಾಮದಲ್ಲಿ ವಿಲ್ಫ್ರಿಡರು ಜನಿಸಿದರು. ಬಾಲ್ಯದಲ್ಲಿಯೇ ತಾಯಿ ತೀರಿಕೊಂಡಳು. ತಂದೆ ಕರೋಲಸ್ ಲಾರಿಯೇ ಉದಾರಮತವಾದಿ; ಮುಂದಿನ ಕಾಲದಲ್ಲಿ ಇಂಗ್ಲಿಷ್ ಬಾರದವನಿಗೆ ಗತಿಯಿಲ್ಲವೆಂಬುದನ್ನು ಕಂಡುಕೊಂಡಿದ್ದವನು. ಆದಕಾರಣ ಮಗನನ್ನು ಹತ್ತಿರದ ನ್ಯೂ ಗ್ಲಾಸ್ಗೊ ಎಂಬ ಸ್ಕಾಟ್ ಜನರ ಊರಿಗೆ ಕಳುಹಿಸಿ, ಅಲ್ಲಿಯ ಶಾಲೆಗೆ ಸೇರಿಸಿದನು. ಕ್ಯಾಥೊಲಿಕ್ ಹುಡುಗನು ಪ್ರಾಟೆಸ್ಟಂಟರ ಮನೆಗಳಲ್ಲಿ ಉಂಡು ಬೆಳೆದು, ಪರಭಾಷೆಯವರೂ ಪರಮತದವರೂ ತನ್ನಂತೆಯೇ ಮನುಷ್ಯರೆಂಬ ಪಾಠವನ್ನು ಪುಸ್ತಕದ ಸಹಾಯವಿಲ್ಲದೆ ಕಲಿತನು. ಆ ಬಳಿಕ ಲಾಸೊಂಪ್ಸಿಯೊಂ ಎಂಬಲ್ಲಿಯ ಪಾದ್ರಿಗಳ ವಿದ್ಯಾಲಯದಲ್ಲಿ ಏಳು ವರ್ಷಗಳ ವ್ಯಾಸಂಗವಾಯಿತು. 1864ರಲ್ಲಿ ಮಾಂಟ್ರಿಯಲ್ಲಿನ ಮ್ಯಾಕ್‌ಗಿಲ್ ವಿಶ್ವವಿದ್ಯಾನಿಲಯದಲ್ಲಿ ಕಾನೂನು ಪದವಿ ದೊರೆಯಿತು.

ದೇಹಪ್ರಕೃತಿಯು ಸರಿಯಿಲ್ಲದ್ದರಿಂದ ಯುವಕ ವಕೀಲರು 1866ರಲ್ಲಿ ಪಟ್ಟಣವನ್ನು ಬಿಟ್ಟು ಪೂರ್ವದ ಹಳ್ಳಿನಾಡಿಗೆ ಹೋದರು. ಅಲ್ಲಿ ಒಂದು ಚಿಕ್ಕ ಪತ್ರಿಕೆಯ ಸಂಪಾದಕತ್ವವನ್ನೂ ವಹಿಸಿದರು. ಸಂಯುಕ್ತ ರಾಜ್ಯದ ಯೋಜನೆಯು ಫ್ರೆಂಚ್ ಕೆನಡಾದ ಕುತ್ತಿಗೆಗೆ ಬಿದ್ದ ಉರುಲೆಂದು ಆ ಪತ್ರಿಕೆಯು ಸಾರುತ್ತಿದ್ದಿತು. ಮುಂದೆ ಯಾವ ಕಟ್ಟಡವನ್ನು ಕಾಯುವುದಕ್ಕಾಗಿ ಇವರು ಜೀವಮಾನವನ್ನೇ ಸವೆಸಿದರೋ ಅದರ ಅಸ್ತಿಭಾರವನ್ನೇ ಅಂದು ವಿರೋಧಿಸಿದ್ದರೆಂಬುದು ಗಮನಾರ್ಹವಾಗಿದೆ. ಬಿಷಪ್ಪರ ಕೋಪಕ್ಕೆ ಗುರಿಯಾಗಿ ಪತ್ರಿಕೆಯು ಕೆಲವೇ ತಿಂಗಳಲ್ಲಿ ನಿಂತುಹೋಯಿತು. ಸಂಯುಕ್ತ ರಾಜ್ಯವು ಸ್ಥಾಪಿತವಾಯಿತು. ಸ್ಥಾಪಿತವಾದುದನ್ನು ಕೆಡವುವುದಕ್ಕಿಂತ ಅದರಲ್ಲಿ ತನ್ನವರಿಗೆ ನ್ಯಾಯ ದೊರಕಿಸುವುದೇ ಮೇಲೆಂದು ಲಾರಿಯೇಯವರು ನಿಶ್ಚಯಿಸಿಕೊಂಡರು. 1868ರಲ್ಲಿ ಜೋಯೆ ಲಾಫೊಂಟೇನ್ ಎಂಬ ಸಂಗೀತ ಶಿಕ್ಷಕಿಯೊಡನೆ ವಿವಾಹವಾಯಿತು. 1871ರಲ್ಲಿ ಕ್ವಿಬೆಕ್ ಪ್ರಾಂತದ ಶಾಸನಸಭೆಗೂ, 1874ರಲ್ಲಿ ಒಟ್ಟಾವಾದ ಕಾಮನ್ಸ್ ಸಭೆಗೂ ಲಿಬರಲ್ ಪಕ್ಷದ ಸದಸ್ಯರಾಗಿ ಆರಿಸಿಬಂದರು.

ಆ ಕಾಲದಲ್ಲಿ ಕ್ವಿಬೆಕ್ಕಿನಲ್ಲಿ ಲಿಬರಲ್ ಎಂದು ಹೇಳಿಕೊಳ್ಳುವುದೇ ಅಪಾಯದ ಸಂಗತಿಯಾಗಿದ್ದಿತು. ಲಿಬರಲರಿಗೆ ಮತ ಕೊಡುವುದು ಪಾಪವೆಂದು ಎಷ್ಟೋ ಪಾದ್ರಿಗಳು ಉಪದೇಶ ಪೀಠದಿಂದ ಬೋಧಿಸುತ್ತಿದ್ದರು. 1877ನೆಯ ಜೂನ್ 26ರಂದು ಕ್ವಿಬೆಕ್ ನಗರದಲ್ಲಿ ಲಾರಿಯೇಯವರು ಮಾಡಿದ ಭಾಷಣವು ಈ ಕಟ್ಟನ್ನು ಸಡಿಲಿಸಿತು. ಯುರೋಪು ಖಂಡದಲ್ಲಿ ಮತವನ್ನು ಬೇರುಸಹಿತ ಕೀಳಹೊರಟ ಪಂಥವು ಬೇರೆ, ಇಂಗ್ಲೆಂಡಿನಲ್ಲಿ ಕ್ರಮಕ್ರಮವಾಗಿ ಪ್ರಜಾಹಕ್ಕುಗಳನ್ನು ವಿಸ್ತರಿಸಿದ ಉದಾರನೀತಿಯು ಬೇರೆ, ತಾವು ಈ ಎರಡನೆಯದರ ಅನುಯಾಯಿಗಳು ಎಂದು ಅವರು ವಿಂಗಡಿಸಿ ತೋರಿಸಿದರು. ಪಾದ್ರಿಗೂ ರಾಜಕೀಯದಲ್ಲಿ ಅಭಿಪ್ರಾಯವನ್ನು ಹೇಳುವ ಹಕ್ಕುಂಟು; ಆದರೆ ಮತದಾರನನ್ನು ಹೆದರಿಸುವ ಹಕ್ಕಿಲ್ಲವೆಂದರು. ಕೇವಲ ಕ್ಯಾಥೊಲಿಕರದೇ ಆದ ಒಂದು ಪಕ್ಷವನ್ನು ಕಟ್ಟಿದರೆ ಉಳಿದವರೆಲ್ಲ ಅದರ ವಿರುದ್ಧ ಒಂದಾಗಿ ದೇಶವು ಮತಕಲಹದ ಬೀಡಾಗುವುದೆಂದು ಎಚ್ಚರಿಸಿದರು. ಅದೇ ವರ್ಷ ಮಂತ್ರಿಪದವಿಯು ಬಂದಿತು; ಅದರೊಡನೆ ಬಂದ ಮರುಚುನಾವಣೆಯಲ್ಲಿ ಸ್ವಂತ ಕ್ಷೇತ್ರದಲ್ಲಿಯೇ ಸೋಲಾಯಿತು. ಆಗ ಅವರನ್ನು ಆರಿಸಿ ಕಳುಹಿಸಿದ ಪೂರ್ವ ಕ್ವಿಬೆಕ್ ಕ್ಷೇತ್ರವು ಮರಣಪರ್ಯಂತ ಅವರ ಕೈಬಿಡಲಿಲ್ಲ.

1885ನೆಯ ನವೆಂಬರ್ 16ರಂದು ಪಶ್ಚಿಮದ ರಿಜೈನಾ ಎಂಬಲ್ಲಿ ಲೂಯಿ ರಿಯಲ್ ಎಂಬವರನ್ನು ಗಲ್ಲಿಗೇರಿಸಲಾಯಿತು. ಫ್ರೆಂಚರಿಗೂ ಮೂಲನಿವಾಸಿಗಳಿಗೂ ಹುಟ್ಟಿದ ಮೆಟಿಸ್ ಜನಾಂಗದ ನಾಯಕರಾದ ಈತ, ತಮ್ಮವರ ಭೂಮಿಯ ಹಕ್ಕಿಗಾಗಿ ಬಂಡಾಯವೆದ್ದಿದ್ದರು. ಒಂಟೇರಿಯೊದ ಇಂಗ್ಲಿಷರು ಅವರನ್ನು ಕೊಲೆಪಾತಕಿಯೆಂದರು, ಕ್ವಿಬೆಕ್ಕಿನವರು ಹುತಾತ್ಮನೆಂದರು. ಮಾಂಟ್ರಿಯಲ್ಲಿನಲ್ಲಿ ಕೂಡಿದ ಮಹಾಸಭೆಯಲ್ಲಿ ಲಾರಿಯೇಯವರು, ಸಸ್ಕ್ಯಾಚವಾನ್ ನದಿಯ ದಡದಲ್ಲಿ ತಾವಿದ್ದಿದ್ದರೆ ತಾವೂ ಬಂದೂಕನ್ನು ಹೆಗಲಿಗೇರಿಸುತ್ತಿದ್ದುದಾಗಿ ಹೇಳಿದರು. ಮರುವರ್ಷ ಕಾಮನ್ಸ್ ಸಭೆಯಲ್ಲಿ ಇಂಗ್ಲಿಷಿನಲ್ಲಿ ಮಾತನಾಡುತ್ತ, ಮೆಟಿಸರ ಅರ್ಜಿಗಳನ್ನು ವರ್ಷಾನುಗಟ್ಟಲೆ ಕಸದ ಬುಟ್ಟಿಗೆ ಹಾಕಿದ ಸರಕಾರವೇ ದಂಗೆಯ ನಿಜವಾದ ಕಾರಣವೆಂದು ಸಮರ್ಥಿಸಿದರು. ಆದರೆ ಅದೇ ಸಮಯದಲ್ಲಿ ಮೆರ್ಸಿಯೇ ಎಂಬ ಕ್ವಿಬೆಕ್ ನಾಯಕರು ಫ್ರೆಂಚರದೇ ಒಂದು ಪ್ರತ್ಯೇಕ ಪಕ್ಷವನ್ನು ಕಟ್ಟಲು ಕರೆದಾಗ ಲಾರಿಯೇಯವರು ಒಪ್ಪಲಿಲ್ಲ. ತನ್ನವರ ದುಃಖವನ್ನು ಪರರ ಭಾಷೆಯಲ್ಲಿ, ಪರರ ನ್ಯಾಯಬುದ್ಧಿಗೆ ತಾಗುವಂತೆ ಹೇಳುವುದು, ಆದರೆ ಆ ದುಃಖವನ್ನು ಗೋಡೆಯನ್ನಾಗಿ ಕಟ್ಟದಿರುವುದು, ಇದೇ ಅವರ ಮಾರ್ಗವಾಯಿತು. 1887ರಲ್ಲಿ ಲಿಬರಲ್ ಪಕ್ಷದ ನಾಯಕತ್ವವು ಅವರಿಗೆ ಬಂದಿತು.

ಈ ಮಾರ್ಗದ ಮೊದಲ ದೊಡ್ಡ ಪರೀಕ್ಷೆಯು ಮ್ಯಾನಿಟೋಬಾ ಪ್ರಾಂತದ ಶಾಲೆಗಳ ಪ್ರಶ್ನೆ. 1890ರಲ್ಲಿ ಆ ಪ್ರಾಂತವು ಕ್ಯಾಥೊಲಿಕ್ ಶಾಲೆಗಳಿಗೆ ಸರಕಾರಿ ಧನವನ್ನು ನಿಲ್ಲಿಸಿತು. ಫ್ರೆಂಚಿಗಿದ್ದ ಅಧಿಕೃತ ಸ್ಥಾನವನ್ನೂ ತೆಗೆದುಹಾಕಿತು. ಒಟ್ಟಾವಾದ ಕನ್ಸರ್ವೇಟಿವ್ ಸರಕಾರವು ಪ್ರಾಂತವನ್ನು ಕಾಯಿದೆಯ ಬಲದಿಂದ ಬಗ್ಗಿಸಲು ಹೊರಟಿತು. ಬಿಷಪ್ಪರು ಅದನ್ನು ಬೆಂಬಲಿಸಿದರು. ಕ್ಯಾಥೊಲಿಕರೂ ಫ್ರೆಂಚರೂ ಆದ ಲಾರಿಯೇಯವರು ಇದನ್ನು ವಿರೋಧಿಸಬೇಕಾದ ವಿಚಿತ್ರ ಸನ್ನಿವೇಶವು ಒದಗಿತು. ಬಲಾತ್ಕಾರದಿಂದ ದೊರೆತ ಹಕ್ಕು ಉಳಿಯದು, ಸಂಧಾನದಿಂದ ದೊರೆತುದು ಉಳಿದೀತು ಎಂಬುದು ಅವರ ವಾದ. 1896ರ ಚುನಾವಣೆಯಲ್ಲಿ ಕ್ವಿಬೆಕ್ಕಿನ 65 ಸ್ಥಾನಗಳಲ್ಲಿ 49 ಅವರ ಪಕ್ಷಕ್ಕೆ ಬಂದವು. ಫ್ರೆಂಚ್ ಕೆನಡಾದವರೊಬ್ಬರು ಮೊದಲ ಬಾರಿಗೆ ದೇಶದ ಪ್ರಧಾನ ಮಂತ್ರಿಗಳಾದರು. ಅದೇ ವರ್ಷದ ಕೊನೆಗೆ ಮ್ಯಾನಿಟೋಬಾದೊಡನೆ ಒಪ್ಪಂದವಾಯಿತು: ದಿನದ ಕೊನೆಯ ಅರ್ಧ ಗಂಟೆ ಮತಬೋಧೆ, ಹತ್ತು ಮಕ್ಕಳು ಇಂಗ್ಲಿಷೇತರ ಭಾಷೆಯವರಿದ್ದ ಕಡೆ ಎರಡು ಭಾಷೆಗಳಲ್ಲಿ ಪಾಠ. ಕಳೆದುಕೊಂಡುದರ ಮುಂದೆ ಇದು ಸ್ವಲ್ಪವೇ ಸರಿ. ರೋಮಿನ ಜಗದ್ಗುರುಗಳೂ ಇದು ಸಾಲದೆಂದರು, ಆದರೂ ಸಿಕ್ಕಷ್ಟನ್ನು ಸ್ವೀಕರಿಸಿರೆಂದು ತಮ್ಮವರಿಗೆ ಉಪದೇಶಿಸಿದರು. ಉಳಿದೀತೆಂದು ನಂಬಿದ ಆ ಸ್ವಲ್ಪವನ್ನೂ 1916ರಲ್ಲಿ ಪ್ರಾಂತವು ಕಿತ್ತುಕೊಂಡಿತೆಂಬುದನ್ನು ಚರಿತ್ರಕಾರನು ಮರೆಯಲಾಗದು.

ಎರಡನೆಯ ಪರೀಕ್ಷೆಯು ಸಾಮ್ರಾಜ್ಯದ್ದು. 1897ರಲ್ಲಿ ವಿಕ್ಟೋರಿಯಾ ರಾಣಿಯ ವಜ್ರಮಹೋತ್ಸವಕ್ಕಾಗಿ ಲಂಡನ್ನಿಗೆ ಹೋದಾಗ ಅವರಿಗೆ ಸರ್ ಪದವಿಯು ದೊರೆಯಿತು. ವಸಾಹತುಗಳನ್ನೆಲ್ಲ ಒಂದು ಸಾಮ್ರಾಜ್ಯ ಸಭೆಯಲ್ಲಿ ಬಿಗಿಯಬೇಕೆಂದು ಹವಣಿಸುತ್ತಿದ್ದ ಮಂತ್ರಿ ಜೋಸೆಫ್ ಚೇಂಬರ್ಲೇನರು ಈ ಸತ್ಕಾರದಿಂದ ಲಾರಿಯೇಯವರು ಒಲಿದರೆಂದು ತಿಳಿದಿರಬಹುದು. ಆದರೆ 1897ರಲ್ಲಿಯೂ, 1902ರಲ್ಲಿಯೂ, ಆ ತರುವಾಯದ ಸಮ್ಮೇಲನಗಳಲ್ಲಿಯೂ ಲಾರಿಯೇಯವರ ಉತ್ತರವು ಒಂದೇ: ವಿನಯವು ತುಂಬಿದ, ಆದರೆ ಅಲುಗದ ನಿರಾಕರಣೆ. ಬ್ರಿಟಿಷ್ ಸರಕುಗಳಿಗೆ ಸುಂಕದಲ್ಲಿ ರಿಯಾಯತಿ ಕೊಟ್ಟರು. ಕೆನಡಾದ ತೀರ್ಮಾನಗಳನ್ನು ಲಂಡನ್ನಿನ ಕೈಗೆ ಕೊಡಲಿಲ್ಲ.

1899ರಲ್ಲಿ ದಕ್ಷಿಣ ಆಫ್ರಿಕದ ಬೋಯರ್ ಯುದ್ಧವು ಬಂದಾಗ ಮಾತ್ರ ಅವರಿಗೆ ಅತ್ತ ದರಿ ಇತ್ತ ಪುಲಿ ಎಂಬಂತಾಯಿತು. ಇಂಗ್ಲಿಷ್ ಕೆನಡಾವು ಸೈನ್ಯವನ್ನು ಕಳುಹಿಸೆಂದು ಕೂಗಿತು. ತಮ್ಮಂತೆಯೇ ಸಣ್ಣ ಜನಾಂಗವಾದ ಬೋಯರರ ಮೇಲೆ ನಮಗೇನು ಹಗೆಯೆಂದು ಫ್ರೆಂಚರು ಕೇಳಿದರು. 1000 ಮಂದಿ ಸ್ವಯಂಸೇವಕರನ್ನು ಮಾತ್ರ ಕಳುಹಿಸುವುದು, ಇದನ್ನು ಮುಂದಿನ ಯುದ್ಧಗಳಿಗೆ ಮಾದರಿಯೆಂದು ತಿಳಿಯಕೂಡದು ಎಂದು ಲಾರಿಯೇಯವರು ನಡುದಾರಿಯನ್ನು ಹಿಡಿದರು. ಅವರ ಮೆಚ್ಚಿನ ಯುವಕ ಸದಸ್ಯರಾದ ಆನ್ರಿ ಬುರಾಸಾ ಅವರು, ನಡೆದುದೆಲ್ಲ ಮಾದರಿಯೇ ಆಗುವುದೆಂಬ ಭಾವದಿಂದ, ಸ್ಥಾನಕ್ಕೆ ರಾಜೀನಾಮೆಯನ್ನಿತ್ತು ಹೊರನಡೆದರು. ಯುದ್ಧವು ಮುಗಿಯುವಷ್ಟರಲ್ಲಿ 7000ಕ್ಕೂ ಹೆಚ್ಚು ಕೆನಡಾದವರು ಅಲ್ಲಿ ಸೇವೆ ಸಲ್ಲಿಸಿದ್ದರು. ಬುರಾಸಾ ಅವರ ಆಕ್ಷೇಪಣೆಯಲ್ಲಿ ಹುರುಳಿರಲಿಲ್ಲವೆಂದು ಹೇಳುವಂತಿಲ್ಲ.

ಸಾಮ್ರಾಜ್ಯದ ಆಸರೆಯ ಬೆಲೆಯೇನೆಂಬುದನ್ನು 1903ರ ಅಲಾಸ್ಕಾ ಗಡಿಯ ತೀರ್ಪು ತೋರಿಸಿತು. ಆರು ಮಂದಿಯ ಪಂಚಾಯತಿಯಲ್ಲಿ ಮೂವರು ಅಮೇರಿಕದವರು, ಇಬ್ಬರು ಕೆನಡಾದವರು, ಒಬ್ಬರು ಇಂಗ್ಲೆಂಡಿನ ನ್ಯಾಯಾಧೀಶರಾದ ಲಾರ್ಡ್ ಆಲ್ವರ್‌ಸ್ಟನ್. ಈ ಆರನೆಯವರು ಅಮೇರಿಕದ ಪಕ್ಷಕ್ಕೆ ಮತವಿತ್ತರು. ತನ್ನ ಒಪ್ಪಂದಗಳನ್ನು ತಾನೇ ಮಾಡಿಕೊಳ್ಳುವ ಅಧಿಕಾರವಿಲ್ಲದ ದೇಶಕ್ಕೆ ಇದೇ ಗತಿಯೆಂಬುದು ಲಾರಿಯೇಯವರಿಗೆ ಮನದಟ್ಟಾಯಿತು. 1909ರಲ್ಲಿ ಅವರ ಸರಕಾರವು ಕೆನಡಾಕ್ಕೆ ತನ್ನದೇ ಆದ ವಿದೇಶ ವ್ಯವಹಾರಗಳ ಇಲಾಖೆಯನ್ನು ಸ್ಥಾಪಿಸಿತು. ಆರಂಭದಲ್ಲಿ ಅದು ಕೆಲವೇ ಗುಮಾಸ್ತರ ಕಚೇರಿ; ಆದರೆ ಮುಂದಿನ ಸ್ವಾತಂತ್ರ್ಯಕ್ಕೆ ಅದು ಬೀಜವಾಯಿತು.

ಇತ್ತ ಪಶ್ಚಿಮದ ಹುಲ್ಲುಗಾವಲುಗಳು ಗೋಧಿಯ ಹೊಲಗಳಾಗುತ್ತಿದ್ದುವು. ಮಂತ್ರಿ ಕ್ಲಿಫರ್ಡ್ ಸಿಫ್ಟನ್ನರ ಪ್ರಯತ್ನದಿಂದ ಇಂಗ್ಲೆಂಡ್, ಅಮೇರಿಕ, ಉಕ್ರೇನು ಮುಂತಾದ ದೇಶಗಳಿಂದ ಒಕ್ಕಲುಮಕ್ಕಳು ಲಕ್ಷೋಪಲಕ್ಷವಾಗಿ ಬಂದರು. 1901ರಲ್ಲಿ ಸುಮಾರು 53 ಲಕ್ಷ 70 ಸಾವಿರವಿದ್ದ ಜನಸಂಖ್ಯೆಯು 1911ರಲ್ಲಿ 72 ಲಕ್ಷವಾಯಿತು. 1905ರಲ್ಲಿ ಆಲ್ಬರ್ಟಾ, ಸಸ್ಕ್ಯಾಚವಾನ್ ಎಂಬ ಎರಡು ಹೊಸ ಪ್ರಾಂತಗಳು ಉದಯಿಸಿದುವು. ಕಡಲಿನಿಂದ ಕಡಲಿಗೆ ಮತ್ತೂ ಎರಡು ರೈಲುಮಾರ್ಗಗಳನ್ನು ಹಾಕಿಸತೊಡಗಿದರು; ಅವು ಆದಾಯಕ್ಕೆ ಮೀರಿದವಾಗಿ ಮುಂದೆ ದಿವಾಳಿಯೆದ್ದು ಸರಕಾರದ ಕೊರಳಿಗೆ ಬಿದ್ದುವು.

ಈ ವೈಭವದ ಚಿತ್ರಕ್ಕೆ ಒಂದು ಕಪ್ಪು ಮಗ್ಗುಲುಂಟು. ಅದನ್ನು ಮುಚ್ಚಿಡುವುದು ಸತ್ಯಕ್ಕೆ ಅಪಚಾರ. ಲಾರಿಯೇಯವರ ಸಂಧಾನದ ತಕ್ಕಡಿಯಲ್ಲಿ ಮತವಿದ್ದವರಿಗೆ ಮಾತ್ರ ತೂಕವಿದ್ದಿತು. ಕೆನಡಾಕ್ಕೆ ಬರುವ ಚೀನೀಯನ ತಲೆಗಂದಾಯವು ಇವರ ಆಡಳಿತದಲ್ಲಿ 50 ಡಾಲರಿನಿಂದ 100ಕ್ಕೂ, 1903ರ ಕಾಯಿದೆಯಿಂದ 500ಕ್ಕೂ ಏರಿತು. 1907ರಲ್ಲಿ ಬ್ರಿಟಿಷ್ ಕೊಲಂಬಿಯಾ ಪ್ರಾಂತವು ಹಿಂದೀಯರ ಮತದಾನದ ಹಕ್ಕನ್ನು ಕಿತ್ತುಕೊಂಡಿತು. ಅದೇ ಸೆಪ್ಟೆಂಬರಿನಲ್ಲಿ ವ್ಯಾಂಕೂವರಿನಲ್ಲಿ ಏಷ್ಯದವರ ಮೇಲೆ ದೊಂಬಿಯಾಯಿತು. ಮರುವರ್ಷ ಲಾರಿಯೇ ಸರಕಾರವು, ಸ್ವದೇಶದಿಂದ ನಡುವೆ ಎಲ್ಲಿಯೂ ಇಳಿಯದೆ ಒಂದೇ ಪ್ರಯಾಣದಲ್ಲಿ ಬಂದವರಿಗೆ ಮಾತ್ರ ಪ್ರವೇಶವೆಂದು ನಿಯಮ ಮಾಡಿತು. ನಿಯಮದಲ್ಲಿ ಹಿಂದೂಸ್ಥಾನದ ಹೆಸರಿಲ್ಲ. ಆದರೆ ಹಿಂದೂಸ್ಥಾನದಿಂದ ಹಾಗೆ ಬರುವುದು ಸಾಧ್ಯವಿರಲಿಲ್ಲ. ಇದಲ್ಲದೆ ಏಷ್ಯದವನ ಕೈಯಲ್ಲಿ 200 ಡಾಲರು ಇರಬೇಕೆಂದೂ ವಿಧಿಸಲಾಯಿತು. 1914ರ ಮೇ ತಿಂಗಳಲ್ಲಿ ಗುರುದಿತ್ ಸಿಂಗರು ಗೊತ್ತುಮಾಡಿದ ಕೊಮಗಾಟ ಮಾರು ಹಡಗು 376 ಮಂದಿ ಹಿಂದೀಯರೊಡನೆ ವ್ಯಾಂಕೂವರನ್ನು ಮುಟ್ಟಿ, ಎರಡು ತಿಂಗಳು ಬಂದರಿನಲ್ಲಿಯೇ ನಿಂತು, ಬಹುಮಟ್ಟಿಗೆ ಎಲ್ಲರನ್ನೂ ಹೊತ್ತು ಹಿಂದಿರುಗಬೇಕಾದಾಗ ಅಧಿಕಾರದಲ್ಲಿದ್ದವರು ಬೇರೆ; ಬಾಗಿಲಿಗೆ ಅಗಳಿ ಹಾಕಿದ್ದವರು ಮಾತ್ರ ಲಾರಿಯೇಯವರೇ. ನೆಲದ ಮೂಲನಿವಾಸಿಗಳ ಕಥೆಯೂ ಇಂಥದೇ. 1910ನೆಯ ಆಗಸ್ಟ್ 25ರಂದು ಕ್ಯಾಮ್ಲೂಪ್ಸ್ ಎಂಬಲ್ಲಿ ಪಶ್ಚಿಮದ ಮೂಲನಿವಾಸಿಗಳ ಮುಖಂಡರು ತಮ್ಮ ಭೂಮಿಯ ವಿಷಯವಾಗಿ ಲಾರಿಯೇಯವರಿಗೆ ಒಂದು ವಿಜ್ಞಾಪನೆಯನ್ನು ಅರ್ಪಿಸಿದರು. ಅದಕ್ಕೆ ಪರಿಹಾರವು ಸಿಗುವ ಮೊದಲೇ ಅವರ ಅಧಿಕಾರವು ಮುಗಿದಿತ್ತು.

ಅಧಿಕಾರವು ಹೋದುದು ಎರಡು ಕಡೆಯ ಏಟಿನಿಂದ. 1910ರಲ್ಲಿ ಕೆನಡಾಕ್ಕೆ ತನ್ನದೇ ಆದ ಚಿಕ್ಕ ನೌಕಾಪಡೆಯಿರಲೆಂದು ಕಾಯಿದೆ ತಂದಾಗ, ಇಂಗ್ಲಿಷ್ ಸಾಮ್ರಾಜ್ಯವಾದಿಗಳು ಇದೇನು ಆಟದ ಸಾಮಾನೆಂದು ನಕ್ಕರು. ಬುರಾಸಾ ಅವರ ರಾಷ್ಟ್ರೀಯರು ನಮ್ಮ ಮಕ್ಕಳನ್ನು ಇಂಗ್ಲೆಂಡಿನ ಯುದ್ಧಗಳಿಗೆ ಒಯ್ಯುವ ಹಡಗುಗಳಿವು ಎಂದರು. 1911ರಲ್ಲಿ ಅಮೇರಿಕದೊಡನೆ ಸುಂಕದ ಪರಸ್ಪರ ರಿಯಾಯತಿಯ ಒಪ್ಪಂದವನ್ನು ಮಾಡಿಕೊಂಡಾಗ, ದೇಶವನ್ನು ಅಮೇರಿಕಕ್ಕೆ ಮಾರಿದರೆಂಬ ಕೂಗೆದ್ದಿತು. ಒಂಟೇರಿಯೊದಲ್ಲಿ ಫ್ರೆಂಚರ ಪಕ್ಷಪಾತಿಯೆಂದೂ, ಕ್ವಿಬೆಕ್ಕಿನಲ್ಲಿ ಇಂಗ್ಲಿಷರ ದಾಸನೆಂದೂ, ಒಬ್ಬನೇ ಮನುಷ್ಯನು ಒಂದೇ ಚುನಾವಣೆಯಲ್ಲಿ ನಿಂದಿಸಲ್ಪಟ್ಟನು. ಸೆಪ್ಟೆಂಬರ್ 21ರಂದು ಲಿಬರಲ್ ಪಕ್ಷವು ಸೋತಿತು. ರಾಬರ್ಟ್ ಬೋರ್ಡನ್ನರು ಪ್ರಧಾನ ಮಂತ್ರಿಗಳಾದರು.

ಲಾರಿಯೇಯವರ ಜೀವನದ ಅತ್ಯಂತ ಕಠಿಣ ಗಳಿಗೆಯು ಬಂದುದು ಅಧಿಕಾರವು ಹೋದ ಮೇಲೆ. 1914ರ ಮಹಾಯುದ್ಧದಲ್ಲಿ ಕೆನಡಾವು ಭಾಗವಹಿಸುವುದನ್ನು ಅವರು ಮನಃಪೂರ್ವಕವಾಗಿ ಬೆಂಬಲಿಸಿ, ಕ್ವಿಬೆಕ್ಕಿನ ಯುವಕರನ್ನು ಸೈನ್ಯಕ್ಕೆ ಕರೆದರು. ಆದರೆ 1917ರಲ್ಲಿ ಬೋರ್ಡನ್ನರು ಕಡ್ಡಾಯ ಸೈನಿಕಭರತಿಯನ್ನು ತಂದು, ಸಂಯುಕ್ತ ಮಂತ್ರಿಮಂಡಲಕ್ಕೆ ಬನ್ನಿರೆಂದು ಕರೆದಾಗ ಅವರು ಒಪ್ಪಲಿಲ್ಲ. ತಾವು ಒಪ್ಪಿದರೆ ಕ್ವಿಬೆಕ್ಕು ಬುರಾಸಾ ಅವರ ಕೈಗೆ ಹೋಗುವುದೆಂದೂ, ಒಂದು ಜನಾಂಗದ ಮೇಲೆ ಇನ್ನೊಂದು ಜನಾಂಗದ ಬಹುಮತವನ್ನು ಹೇರಿದರೆ ಗಾಯವು ಮಾಯದೆಂದೂ ಅವರು ತಿಳಿದಿದ್ದರು. ಇಂಗ್ಲಿಷ್ ಲಿಬರಲರು, ಬಹುಕಾಲದ ಮಿತ್ರರು, ಒಬ್ಬೊಬ್ಬರಾಗಿ ಬಿಟ್ಟುಹೋದರು. 76 ವರ್ಷಗಳ ಮುದುಕರು ಡಿಸೆಂಬರಿನ ಚಳಿಯಲ್ಲಿ ಪಶ್ಚಿಮದ ತುದಿಯವರೆಗೂ ಪ್ರಚಾರಕ್ಕಾಗಿ ಪ್ರಯಾಣ ಮಾಡಿದರು. ಲಿಬರಲರಿಗೆ ಬಂದ 82 ಸ್ಥಾನಗಳಲ್ಲಿ 62 ಕ್ವಿಬೆಕ್ಕಿನವು. ಉಳಿದ ಕೆನಡಾದಿಂದ 20 ಮಾತ್ರ. ಯಾವ ಸೀಳು ಬೀಳಬಾರದೆಂದು 40 ವರ್ಷ ದುಡಿದಿದ್ದರೋ ಆ ಸೀಳು ಭೂಪಟದ ಮೇಲೆಯೇ ಕಾಣಿಸಿತು. 1918ರಲ್ಲಿ ಕ್ವಿಬೆಕ್ ಶಾಸನಸಭೆಯಲ್ಲಿ ಸಂಯುಕ್ತ ರಾಜ್ಯದಿಂದ ಹೊರಬೀಳುವ ಮಾತನ್ನೆತ್ತಿದ ಠರಾವು ಚರ್ಚೆಗೆ ಬಂದು, ಮತಕ್ಕೆ ಹಾಕದೆ ಹಿಂತೆಗೆದುಕೊಳ್ಳಲ್ಪಟ್ಟಿತು. ಆ ವರ್ಷದ ಈಸ್ಟರ್ ಸಮಯದಲ್ಲಿ ಕ್ವಿಬೆಕ್ ನಗರದಲ್ಲಿ ಸೈನಿಕರ ಗುಂಡಿಗೆ ನಾಲ್ವರು ಬಲಿಯಾದರು.

ಆದರೂ ದೇಶವು ಒಡೆಯಲಿಲ್ಲ. ಕೆನಡಾದ ಪಾರ್ಲಿಮೆಂಟಿನಲ್ಲಿ ತಮ್ಮ ಪರವಾಗಿ ಸೋಲನ್ನುಂಡವರು ಒಬ್ಬರಿದ್ದಾರೆಂಬ ಭಾವನೆಯು ಫ್ರೆಂಚರ ಮನಸ್ಸಿನಲ್ಲಿ ಉಳಿದುದು ಅದಕ್ಕೆ ಒಂದು ಮುಖ್ಯ ಕಾರಣವೆಂದು ನಾವು ತಿಳಿಯುತ್ತೇವೆ. ಗೆಲುವಿನಿಂದ ಮಾಡಲಾಗದ್ದನ್ನು ಲಾರಿಯೇಯವರು ಸೋಲಿನಿಂದ ಮಾಡಿದರು. 1919ನೆಯ ಫೆಬ್ರವರಿ 17ರಂದು ಒಟ್ಟಾವಾದಲ್ಲಿ ಅವರು ದೇಹವಿಟ್ಟರು. ಅದೇ ಆಗಸ್ಟಿನಲ್ಲಿ, 1917ರಲ್ಲಿ ಅವರ ಕೈಬಿಡದಿದ್ದ ಮೆಕೆಂಜಿ ಕಿಂಗರನ್ನು ಪಕ್ಷವು ನಾಯಕರನ್ನಾಗಿ ಆರಿಸಿತು. ಲಾರಿಯೇಯವರು ಸಾಮ್ರಾಜ್ಯ ಸಮ್ಮೇಲನಗಳಲ್ಲಿ ಮೆಲ್ಲಮೆಲ್ಲನೆ ಕಾಯ್ದುಕೊಂಡು ಬಂದಿದ್ದ ಅಧಿಕಾರವು 1931ರ ವೆಸ್ಟ್‌ಮಿನ್‌ಸ್ಟರ್ ಶಾಸನದಿಂದ ಕಾನೂನಿನ ರೂಪವನ್ನು ತಾಳಿತು. 1928ರ ನೆಹರೂ ವರದಿಯು ಹಿಂದೂಸ್ಥಾನಕ್ಕೆ ಬೇಡಿದುದು ಕೆನಡಾಕ್ಕೆ ಇದ್ದಂಥ ಡೊಮಿನಿಯನ್ ಪದವಿಯನ್ನೇ. 1929ರ ಲಾಹೋರ್ ಕಾಂಗ್ರೆಸ್ಸು ಅದನ್ನು ಬಿಟ್ಟು ಪೂರ್ಣ ಸ್ವರಾಜ್ಯದ ಧ್ಯೇಯವನ್ನು ಹಿಡಿಯಿತು. ಕೆನಡಾದಲ್ಲಿ ಇಂಗ್ಲಿಷೂ ಫ್ರೆಂಚೂ ಕೇಂದ್ರ ಸರಕಾರದ ಸಮಾನ ಭಾಷೆಗಳೆಂದು 1969ರ ಕಾಯಿದೆಯು ಸಾರಿತು. ಹಿಂದೀಯರಿಗೆ ಬ್ರಿಟಿಷ್ ಕೊಲಂಬಿಯಾದಲ್ಲಿ ಮತದಾನದ ಹಕ್ಕು ಮರಳಿ ಬಂದುದು 1947ರಲ್ಲಿ. ಕೊಮಗಾಟ ಮಾರು ಪ್ರಯಾಣಿಕರ ವಿಷಯದಲ್ಲಿ ಕೆನಡಾದ ಪ್ರಧಾನ ಮಂತ್ರಿಯು ಕಾಮನ್ಸ್ ಸಭೆಯಲ್ಲಿ ಕ್ಷಮೆ ಕೋರಿದುದು 2016ರಲ್ಲಿ.

ಸಂಧಾನವೆಂಬುದು ದುರ್ಬಲರ ನೀತಿಯೆಂದು ಹಳಿಯುವವರು ಎಲ್ಲ ಕಾಲದಲ್ಲಿಯೂ ಇರುತ್ತಾರೆ. ಲಾರಿಯೇಯವರ ಚರಿತ್ರೆಯು ಅವರಿಗೆ ಉತ್ತರವನ್ನು ಕೊಡುತ್ತದೆ: ನಡುದಾರಿಯಲ್ಲಿ ನಡೆಯುವವನಿಗೆ ಎರಡು ಬದಿಯ ಕಲ್ಲೇಟೂ ತಪ್ಪದಾದ್ದರಿಂದ ಆ ದಾರಿಗೆ ಹೆಚ್ಚಿನ ಎದೆಗಾರಿಕೆಯೇ ಬೇಕು. ಆದರೆ ಅದೇ ಚರಿತ್ರೆಯು ಸಂಧಾನಪ್ರಿಯರಿಗೂ ಒಂದು ಪ್ರಶ್ನೆಯನ್ನು ಹಾಕುತ್ತದೆ. ಪಂಕ್ತಿಯಲ್ಲಿ ಕುಳಿತವರಿಗೆ ಸಮನಾಗಿ ಬಡಿಸುವುದು ನ್ಯಾಯವೇ ಸರಿ; ಬಾಗಿಲ ಹೊರಗೆ ನಿಲ್ಲಿಸಲ್ಪಟ್ಟವರ ಪಾಲೇನು? ಎರಡು ಜನಾಂಗಗಳಿಗೆ ಒಂದೇ ಮನೆಯಲ್ಲಿ ಬಾಳುವುದನ್ನು ಕಲಿಸಿದ ಮಹನೀಯರು ಆ ಹೊರಗಿನವರ ಕಡೆಗೆ ಕಣ್ಣೆತ್ತಲಿಲ್ಲ. ಅವರು ಕಟ್ಟಿದ ರಾಷ್ಟ್ರವು ಆ ಕೊರತೆಯ ಲೆಕ್ಕವನ್ನು ಒಂದು ಶತಮಾನದ ತರುವಾಯವೂ ತೀರಿಸುತ್ತಲೇ ಇದೆ.